ತಿಂಗಳಿಗೆ 1,671 ರೂಪಾಯಿ: ಒಂದು ಮನೆಯ ಪಿಂಚಣಿ ಲೆಕ್ಕ

ಚಿಕ್ಕಪ್ಪನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಕಿರಾಣಿ ಅಂಗಡಿಯವರು ಉದ್ರಿ ಬರೆಯೋಕೆ ಇಟ್ಟುಕೊಳ್ಳುತ್ತಾರಲ್ಲ, ಆ ಥರದ್ದು. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಎಡಗಡೆಯ ಮೊದಲ ಸಾಲು ಪ್ರತಿ ತಿಂಗಳೂ ಒಂದೇ: ‘ಪೆನ್ಷನ್ 1,671’. 2014ರ ಪುಟ ತೆಗೆದರೂ ಅದೇ, 2025ರ ನವೆಂಬರ್ ಪುಟ ತೆಗೆದರೂ ಅದೇ. ಈಚೀಚೆಗೆ ಅವರು ಸಂಖ್ಯೆ ಬರೆಯೋದನ್ನೇ ಬಿಟ್ಟಿದ್ದಾರೆ. ‘ಪೆ’ ಅಂತ ಒಂದಕ್ಷರ ಬರೆದು ಪಕ್ಕದಲ್ಲಿ ಎರಡು ಚುಕ್ಕೆ ಹಾಕುತ್ತಾರೆ. ಮೇಲಿನದೇ ಅಂತ ಅರ್ಥ.

ಇದು ಅವರ ಮನೆಯ ಲೆಕ್ಕ. ಚಿಕ್ಕಪ್ಪನಿಗೆ 69, ಚಿಕ್ಕಮ್ಮನಿಗೆ 63. ಚಿಕ್ಕಪ್ಪ ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದರು, ಚಿಕ್ಕಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಈಗ ತುಮಕೂರಿನ ಹೊರಗೆ ಎರಡು ರೂಮಿನ ಸ್ವಂತ ಮನೆಯಲ್ಲಿದ್ದಾರೆ. ಹೆಸರು, ಕಂಪನಿ ಹೆಸರು ಬರೆಯಲ್ಲ ಅಂತ ಮಾತು ಕೊಟ್ಟು ನೋಟ್‌ಬುಕ್ ಇಸಿದುಕೊಂಡೆ. ನಾನು ಬ್ಯಾಂಕಿನವನಲ್ಲ, ಲೆಕ್ಕಪರಿಶೋಧಕನೂ ಅಲ್ಲ. ಮನೆಯಲ್ಲಿ ಎಲ್ಲರ ಫಾರ್ಮ್ ತುಂಬೋನು ನಾನು, ಅಷ್ಟೇ.

1,671 ಎಲ್ಲಿಂದ ಬಂತು?

ಖಾಸಗಿ ಕೆಲಸದವರಿಗೆ ಪಿಎಫ್ ಜೊತೆ ಬರುವ ಪಿಂಚಣಿಗೆ ಇಪಿಎಸ್-95 ಅಂತ ಹೆಸರು. 1995ರ ನವೆಂಬರ್ 16ರಿಂದ ಜಾರಿಯಲ್ಲಿದೆ. ಮಾಲೀಕರು ಕಟ್ಟುವ ಶೇ. 12ರಲ್ಲಿ ಶೇ. 8.33 ಈ ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದದ್ದು ಪಿಎಫ್‌ಗೆ. ಕಾರ್ಮಿಕನ ಕೈಯಿಂದ ಪಿಂಚಣಿಗೆ ನೇರವಾಗಿ ಏನೂ ಹೋಗಲ್ಲ. ಅದಕ್ಕೇ ಇರಬೇಕು, ಅದರ ಕಡೆ ಯಾರ ಕಣ್ಣೂ ಹೋಗಲ್ಲ. ಚಿಕ್ಕಪ್ಪ ಪ್ರತಿ ವರ್ಷ ಪಿಎಫ್ ಸ್ಲಿಪ್ ಬಂದಾಗ ಒಟ್ಟು ಎಷ್ಟಾಯ್ತು ಅಂತ ಮಾತ್ರ ನೋಡುತ್ತಿದ್ದರಂತೆ. ಪೆನ್ಷನ್ ಕಾಲಂ ಓದಿದ ನೆನಪೇ ಇಲ್ಲ ಅಂತಾರೆ.

ಲೆಕ್ಕದ ಸೂತ್ರ ಚಿಕ್ಕದು. ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು, 70ರಿಂದ ಭಾಗಿಸಬೇಕು. 35 ವರ್ಷ ದುಡಿದರೆ 35 ಭಾಗಿಸು 70, ಅಂದರೆ ಸಂಬಳದ ಅರ್ಧ. ಕೇಳೋಕೆ ಸರ್ಕಾರಿ ಪಿಂಚಣಿಯ ಹಾಗೇ ಇದೆ, ಅಲ್ವಾ? ಸಿಕ್ಕಿಕೊಳ್ಳೋದು ‘ಪಿಂಚಣಿಗೆ ಹಿಡಿಯುವ ಸಂಬಳ’ ಅನ್ನೋ ಮಾತಿನಲ್ಲಿ. ನಿಜವಾದ ಸಂಬಳ ಎಷ್ಟೇ ಇರಲಿ, ಅದಕ್ಕೊಂದು ಮಿತಿ ಇದೆ. ಮೊದಲು 5,000, 2001ರ ಜೂನ್‌ನಿಂದ 6,500, 2014ರ ಸೆಪ್ಟೆಂಬರ್ 1ರಿಂದ 15,000.

ಚಿಕ್ಕಪ್ಪ ಆ ಕಂಪನಿಗೆ ಸೇರಿದ್ದು 1996ರ ಜುಲೈ 1. ನಿವೃತ್ತಿ 2014ರ ಜೂನ್ 30, 58 ತುಂಬಿದಾಗ. 18 ವರ್ಷ. ಕೊನೆಯ ಸಂಬಳ, ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 14,300. ಆದರೆ ಲೆಕ್ಕಕ್ಕೆ ಬಂದದ್ದು 6,500. ಗುಣಿಸು 18, ಭಾಗಿಸು 70. 1,671 ರೂಪಾಯಿ.

14,300ರ ಮೇಲೇ ಕಟ್ಟಿ 14,300ರ ಮೇಲೇ ಲೆಕ್ಕ ಹಾಕಿದ್ದರೆ 3,677 ಆಗುತ್ತಿತ್ತು. ಹಾಗೆ ಕಟ್ಟಿರಲಿಲ್ಲ. ತಿಂಗಳಿಗೆ ಮಾಲೀಕರ ಪಾಲು 1,716 ಇದ್ದರೆ, ಅದರಲ್ಲಿ ಪಿಂಚಣಿ ನಿಧಿಗೆ ಹೋಗುತ್ತಿದ್ದದ್ದು 541 ಮಾತ್ರ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಒಂದು ಮಾತು ಓಡಾಡುತ್ತಿದೆ: ‘ಎರಡು ತಿಂಗಳು ತಡವಾಗಿ ರಿಟೈರ್ ಆಗಿದ್ದಿದ್ರೆ 15,000ದ ಲೆಕ್ಕ ಸಿಕ್ತಿತ್ತು.’ ಹುಟ್ಟಿದ ದಿನಾಂಕವನ್ನೇ ಬೈದುಕೊಳ್ಳುವ ಮಟ್ಟಕ್ಕೆ ಹೋಗಿತ್ತು ಅದು. ನಾನೂ ನಂಬಿದ್ದೆ. ನಿಯಮ ಓದಿದ ಮೇಲೆ ಗೊತ್ತಾಯಿತು, ಹಾಗಲ್ಲ. 2014ರ ಸೆಪ್ಟೆಂಬರ್‌ಗೆ ಮುಂಚಿನ ಸೇವೆಗೆ 6,500ರ ಮಿತಿ, ಆಮೇಲಿನ ಸೇವೆಗೆ ಮಾತ್ರ 15,000. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡುತ್ತಾರೆ. ಅದರ ಮೇಲೆ, ಕೊನೆಯ 12 ತಿಂಗಳ ಸರಾಸರಿ ಹಿಡಿಯುತ್ತಿದ್ದದ್ದು ಅದೇ ದಿನದಿಂದ 60 ತಿಂಗಳ ಸರಾಸರಿ ಆಯಿತು. ಹೊಸ ಮಿತಿಯಲ್ಲಿ ಇಡೀ ಒಂದು ವರ್ಷ ದುಡಿದಿದ್ದರೂ ಜಾಸ್ತಿ ಆಗುತ್ತಿದ್ದದ್ದು ಸುಮಾರು 200 ರೂಪಾಯಿ. ಎರಡು ತಿಂಗಳಿಂದ ಏನೂ ತಪ್ಪಿಹೋಗಿಲ್ಲ. ಇದನ್ನು ಚಿಕ್ಕಪ್ಪನಿಗೆ ಕೂರಿಸಿಕೊಂಡು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಗ್ಲಿ ಬಿಡು, ಅಷ್ಟಾದ್ರೂ ಸಮಾಧಾನ’ ಅಂದರು.

ನನಗೆ ಸಮಾಧಾನ ಆಗಲಿಲ್ಲ. ನಿಜವಾಗಿ ತಪ್ಪಿಹೋದದ್ದು ಎರಡು ತಿಂಗಳಲ್ಲ, 18 ವರ್ಷ. 1978ರಿಂದ 1996ರವರೆಗೆ ಚಿಕ್ಕಪ್ಪ ಕಾಮಾಕ್ಷಿಪಾಳ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿದ್ದರು. ಅದೇ ಕೆಲಸ, ಅದೇ ಲೇತು, ಅದೇ ಕಬ್ಬಿಣದ ಚೂರು. ಅಲ್ಲಿದ್ದದ್ದು ಹದಿನಾಲ್ಕು ಹದಿನೈದು ಜನ. ಪಿಎಫ್ ಕಾನೂನು ಕಡ್ಡಾಯವಾಗೋದು 20 ಜನ ಇರುವ ಕಡೆ. ಹಾಗಾಗಿ ಆ 18 ವರ್ಷಕ್ಕೆ ಒಂದು ಚೀಟಿಯೂ ಇಲ್ಲ. 36 ವರ್ಷ ದುಡಿಮೆ, ಪುಸ್ತಕದಲ್ಲಿ ಇರೋದು 18.

ಪಕ್ಕದ ಮನೆಯ ಪಿಂಚಣಿ

ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಒಂದು ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಅಟೆಂಡರ್ ಇದ್ದಾರೆ. ಒಳ್ಳೆ ಮನುಷ್ಯ. ಸಂಜೆ ಇಬ್ಬರೂ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಾರೆ, ಕಾಫಿ ಜಾಸ್ತಿ ಸಲ ಅವರ ಮನೆಯದೇ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಕರ್ನಾಟಕದ ಸರ್ಕಾರಿ ನಿವೃತ್ತರ ಕನಿಷ್ಠ ಮೂಲ ಪಿಂಚಣಿ 13,500. ಕನಿಷ್ಠ ಅನ್ನೋದನ್ನು ಗಮನಿಸಿ. ಅದರ ಮೇಲೆ ಡಿಎ. ಚಿಕ್ಕಪ್ಪನ ಪಿಂಚಣಿಯ ಎಂಟು ಪಟ್ಟಿಗಿಂತ ಜಾಸ್ತಿ.

ಆದರೆ ನನಗೆ ದೊಡ್ಡದಾಗಿ ಕಂಡದ್ದು ಎಂಟು ಪಟ್ಟು ಅಲ್ಲ, ಡಿಎ. ವರ್ಷಕ್ಕೆ ಎರಡು ಸಲ ಪಕ್ಕದ ಮನೆಯವರ ಫೋನಿಗೆ ಆದೇಶದ ಪಿಡಿಎಫ್ ಬರುತ್ತದೆ. ಅವರು ಕನ್ನಡಕ ಹಾಕಿಕೊಂಡು ಶೇಕಡಾ ಎಷ್ಟು ಅಂತ ಹುಡುಕುತ್ತಾರೆ. ಆ ಸಂಜೆ ಚಿಕ್ಕಪ್ಪ ಜಗಲಿಗೆ ಸ್ವಲ್ಪ ತಡವಾಗಿ ಹೋಗುತ್ತಾರೆ. ಇಪಿಎಸ್ ಪಿಂಚಣಿಗೆ ಡಿಎ ಇಲ್ಲ. ನಿವೃತ್ತಿಯ ದಿನ ಎಷ್ಟು ನಿಗದಿಯಾಯಿತೋ, ಸಾಯುವ ತನಕ ಅಷ್ಟೇ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಈ ಮನೆಗೆ ದಿನಕ್ಕೆ ಅರ್ಧ ಲೀಟರ್. ತಿಂಗಳಿಗೆ 60 ರೂಪಾಯಿ ಹೆಚ್ಚು. 60 ರೂಪಾಯಿ ಏನು ಮಹಾ ಅನ್ನಿಸಬಹುದು. ಹನ್ನೊಂದು ವರ್ಷದಲ್ಲಿ ಈ ಪಿಂಚಣಿ 60 ರೂಪಾಯಿಯೂ ಏರಿಲ್ಲ.

ಸರ್ಕಾರಿ ನೌಕರರೆಲ್ಲ ಹೀಗೇ ಇದ್ದಾರೆ ಅಂತಲೂ ಅಲ್ಲ. ರಾಜ್ಯದಲ್ಲಿ 2006ರ ಏಪ್ರಿಲ್ ನಂತರ ಸೇರಿದವರು ಎನ್‌ಪಿಎಸ್‌ನಲ್ಲಿದ್ದಾರೆ, ಅಂದರೆ ನಿಶ್ಚಿತ ಪಿಂಚಣಿ ಇಲ್ಲದ ಹೊಸ ಯೋಜನೆಯಲ್ಲಿ. ಪಕ್ಕದ ಮನೆಯವರ ಮಗಳೂ ಅದರಲ್ಲೇ. ಅಪ್ಪನ ಪಿಂಚಣಿ ಮಗಳಿಗಿಲ್ಲ. ಅದು ಬೇರೆ ಕಥೆ.

ದೇಶದಲ್ಲಿ ಇಪಿಎಸ್ ಪಿಂಚಣಿದಾರರು 78 ಲಕ್ಷಕ್ಕೂ ಹೆಚ್ಚು. ಇದರ ಕನಿಷ್ಠ ಮೊತ್ತ ತಿಂಗಳಿಗೆ 1,000, ಅದೂ 2014ರ ಸೆಪ್ಟೆಂಬರ್‌ನಿಂದ ಹಾಗೇ ಇದೆ. ಚಿಕ್ಕಪ್ಪ ಕನಿಷ್ಠಕ್ಕಿಂತ ಮೇಲಿದ್ದಾರೆ, ಹಾಗಾಗಿ ಆ ಹೆಚ್ಚಳವೂ ಅವರನ್ನು ಮುಟ್ಟಲಿಲ್ಲ. ಕನಿಷ್ಠ 7,500 ಮತ್ತು ಡಿಎ ಕೊಡಿ ಅಂತ ನಿವೃತ್ತರ ಸಂಘಟನೆಗಳು ವರ್ಷಗಳಿಂದ ಕೇಳುತ್ತಿವೆ. ಚಿಕ್ಕಪ್ಪ ಒಮ್ಮೆ ಫ್ರೀಡಂ ಪಾರ್ಕಿಗೂ ಹೋಗಿ ಬಂದರು. ತಮಾಷೆ ನೋಡಿ: ಈಗಿನ ಸೂತ್ರದಲ್ಲಿ 15,000ದ ಮೇಲೆ ಪೂರ್ತಿ 35 ವರ್ಷ ಹಿಡಿದರೆ ಬರೋದು ಅದೇ 7,500. ಅವರು ಕನಿಷ್ಠ ಅಂತ ಕೇಳುತ್ತಿರೋದು, ಸೂತ್ರ ಹೆಚ್ಚುಕಮ್ಮಿ ಗರಿಷ್ಠ ಅಂತ ಕೊಡುವುದನ್ನು.

2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಹೆಚ್ಚಿನ ಪಿಂಚಣಿಯ, ಅಂದರೆ ಮಿತಿ ಬಿಟ್ಟು ನಿಜವಾದ ಸಂಬಳದ ಮೇಲೆ ಹಾಕುವ ಪಿಂಚಣಿಯ, ತೀರ್ಪು ಕೊಟ್ಟಾಗ ವಾಟ್ಸಾಪ್‌ನಲ್ಲಿ ಹಬ್ಬವೋ ಹಬ್ಬ. ಚಿಕ್ಕಪ್ಪ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದ್ದರು. ತೀರ್ಪಿನ ಪ್ರಕಾರ 2014ರ ಸೆಪ್ಟೆಂಬರ್ 1ಕ್ಕಿಂತ ಮುಂಚೆ, ಹೆಚ್ಚಿನ ಸಂಬಳದ ಮೇಲೆ ಕಟ್ಟುವ ಆಯ್ಕೆ ಕೊಡದೆ ನಿವೃತ್ತರಾದವರಿಗೆ ಅದು ಸಿಗಲ್ಲ. ಅವರಿಗೆ ಅದನ್ನು ಹೇಳಬೇಕಾದವನು ನಾನಾದೆ.

ಚಿಕ್ಕಮ್ಮನ 42,228

ಈ ಮನೆಯಲ್ಲಿ ಎರಡು ಪಿಂಚಣಿ ಬರಬೇಕಿತ್ತು. ಒಂದೇ ಬರುತ್ತಿದೆ.

ಚಿಕ್ಕಮ್ಮ ಮೊದಲ ಗಾರ್ಮೆಂಟ್ಸ್‌ನಲ್ಲಿ 5 ವರ್ಷ, ಎರಡನೆಯದರಲ್ಲಿ 6 ವರ್ಷ 8 ತಿಂಗಳು ಇದ್ದರು. ಕಾಲರ್ ಹೊಲಿಯುವ ಕೆಲಸ. ಈಗಲೂ ಯಾರ ಶರ್ಟ್ ನೋಡಿದರೂ ಮೊದಲು ಕಾಲರ್ ತುದಿ ಹಿಡಿದು ನೋಡುತ್ತಾರೆ, ಎರಡೂ ಕಡೆ ಸಮ ಇದೆಯಾ ಅಂತ. ಇಪಿಎಸ್‌ನಲ್ಲಿ ಪಿಂಚಣಿಗೆ ಬೇಕಾದದ್ದು 10 ವರ್ಷ. ಎರಡೂ ಕೂಡಿದರೆ 11 ದಾಟಿತ್ತು. ಆದರೆ ಮೊದಲ ಕೆಲಸ ಬಿಟ್ಟಾಗ ಪಿಎಫ್ ಜೊತೆಗೆ ಪಿಂಚಣಿ ದುಡ್ಡನ್ನೂ ತೆಗೆದುಬಿಟ್ಟರು. ಎರಡನೆಯದು ಬಿಟ್ಟಾಗಲೂ ಹಾಗೇ. ಹತ್ತು ವರ್ಷ ತುಂಬದವರಿಗೆ ಎರಡು ದಾರಿ ಇರುತ್ತದೆ: ದುಡ್ಡು ವಾಪಸ್ ತೆಗೆಯೋದು, ಇಲ್ಲ ಸ್ಕೀಮ್ ಸರ್ಟಿಫಿಕೇಟ್ ತಗೊಂಡು ಆ ವರ್ಷಗಳನ್ನು ಮುಂದಿನ ಕೆಲಸಕ್ಕೆ ಸೇರಿಸಿಕೊಳ್ಳೋದು. ಎರಡನೇ ದಾರಿಯ ಹೆಸರನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಫಾರ್ಮ್ ತುಂಬಿಕೊಟ್ಟ ಏಜೆಂಟ್ ಅಂತೂ ಹೇಳಲಿಲ್ಲ, ಅವನಿಗೆ ಕಮಿಷನ್ ಬರೋದು ದುಡ್ಡು ತೆಗೆದರೆ ಮಾತ್ರ.

ವಾಪಸ್ ಸಿಗುವುದಕ್ಕೂ ಆಗ ಒಂದು ಕೋಷ್ಟಕ ಇತ್ತು. 5 ವರ್ಷಕ್ಕೆ ಸಂಬಳದ 5.28 ಪಟ್ಟು, 7 ವರ್ಷಕ್ಕೆ 7.54 ಪಟ್ಟು. ಆರು ತಿಂಗಳು ದಾಟಿದ್ದನ್ನು ಪೂರ್ತಿ ವರ್ಷ ಅಂತ ಹಿಡಿಯುತ್ತಿದ್ದರು. ಮೊದಲ ಸಲ ಸಂಬಳ 2,000, ಬಂದದ್ದು 10,560. ಎರಡನೇ ಸಲ 4,200, ಬಂದದ್ದು 31,668. ಒಟ್ಟು 42,228.

ತೆಗೆಯದೆ ಇಟ್ಟಿದ್ದರೆ? ಸೂತ್ರದ ಪ್ರಕಾರ ಅವರ ಪಿಂಚಣಿ ಸಾವಿರ ಮುಟ್ಟುತ್ತಿರಲಿಲ್ಲ. ಆದರೆ ಕನಿಷ್ಠ 1,000 ಅನ್ನೋ ನಿಯಮ ಇರುವುದರಿಂದ 58 ತುಂಬಿದ 2020ರಿಂದ ತಿಂಗಳಿಗೆ 1,000 ಬರುತ್ತಿತ್ತು, ಬದುಕಿರುವ ತನಕ. 42,228 ಅಂದರೆ 42 ತಿಂಗಳ ಪಿಂಚಣಿ. ಅಷ್ಟು ತಿಂಗಳು 2024ರ ಹೊತ್ತಿಗೇ ಮುಗಿದುಹೋಗಿವೆ. ಅಲ್ಲಿಂದಾಚೆಗೆ ಬರುತ್ತಿದ್ದದ್ದೆಲ್ಲ ಲಾಭ.

ಈ ಲೆಕ್ಕ ತೋರಿಸಿದಾಗ ಚಿಕ್ಕಮ್ಮನಿಗೆ ಸಿಟ್ಟು ಬಂತು, ನನ್ನ ಮೇಲೆ. ‘ಆ ಹತ್ತು ಸಾವಿರದಲ್ಲಿ ಏನ್ ಮಾಡ್ದೆ ಗೊತ್ತಾ? ಇವನನ್ನ ಡಿಪ್ಲೊಮಾಗೆ ಸೇರಿಸ್ದೆ’ ಅಂದರು. ಇವನು ಅಂದರೆ ಮಗ. ಎರಡನೇ ದುಡ್ಡು ಮಗಳ ಮದುವೆಗೆ ಹೋಯಿತು. ಆ ದಿನ ಕೈಯಲ್ಲಿ ಹತ್ತು ಸಾವಿರ ಇಲ್ಲದಿದ್ದರೆ ಬಡ್ಡಿ ಸಾಲ ಮಾಡಬೇಕಿತ್ತು, ಬಡ್ಡಿ ನೂರಕ್ಕೆ ಐದು, ತಿಂಗಳಿಗೆ. ಹಾಗೆ ನೋಡಿದರೆ ತೆಗೆದದ್ದು ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಪಿಎಫ್‌ನ ಮಾಲೀಕರ ಪಾಲನ್ನು 58ರ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಮಾಡಿದ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್ ಮಾಡಿದ್ದು ನೆನಪಿರಬಹುದು. ಎರಡೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ಚಿಕ್ಕಮ್ಮ ಆಗಲೇ ಕೆಲಸ ಬಿಟ್ಟಿದ್ದರು. ಟಿವಿ ಮುಂದೆ ಕೂತು, ‘ನಾನೂ ಇದ್ದಿದ್ರೆ ಹೋಗ್ತಿದ್ದೆ’ ಅಂದಿದ್ದರು.

ಒಂದು ವರ್ಷದ ದುಡಿಮೆಗೆ ಎಂಟು ಸಾವಿರ ಚಿಲ್ಲರೆಯ ಗ್ರ್ಯಾಚುಟಿ

ಗ್ರ್ಯಾಚುಟಿ ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಮಾಲೀಕರು ಕೊಡುವ ಇಡುಗಂಟು. ಚಿಕ್ಕಪ್ಪನದು ಲೆಕ್ಕ ಸರಿಯಾಗಿ ಆಯಿತು: 14,300ನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ವರ್ಷಕ್ಕೆ 8,250. 18 ವರ್ಷಕ್ಕೆ 1,48,500. ಪಿಎಫ್‌ನಿಂದ ಮದುವೆಗೆ, ಸೈಟಿಗೆ ಅಂತ ಮುಂಚೆಯೇ ತೆಗೆದಿದ್ದರು, ಉಳಿದದ್ದು 2,90,000. ಎರಡೂ ಸೇರಿ ಕೈಗೆ ಬಂದದ್ದು 4,38,500. ಒಂದೂವರೆ ಲಕ್ಷದ ಹತ್ತಿರ ತುಮಕೂರಿನ ಮನೆಯ ತಾರಸಿಗೆ ಹೋಯಿತು. ಮಿಕ್ಕ 3 ಲಕ್ಷ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರು. ಈ ಮನೆಯಲ್ಲಿ ಯಾರೋ ಮಾಡಿದ ಅತಿ ಬುದ್ಧಿವಂತ ಕೆಲಸ ಅದೇ ಅಂತ ನನ್ನ ಅಭಿಪ್ರಾಯ. ಚೀಟಿಗೆ ಹಾಕು ಅಂತ ಹೇಳಿದವರು ಮೂವರಿದ್ದರು.

ಆ 3 ಲಕ್ಷದ ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ. 2014ರಲ್ಲಿ ಶೇ. 9.2, ಕೈಗೆ 6,900. ಐದು ವರ್ಷ ಮುಗಿದು 2019ರ ಆಗಸ್ಟ್‌ನಲ್ಲಿ ಮೂರು ವರ್ಷಕ್ಕೆ ಮುಂದುವರಿಸಿದಾಗ ಶೇ. 8.6, ಕೈಗೆ 6,450. 2022ರ ಆಗಸ್ಟ್‌ನಲ್ಲಿ ಹೊಸದಾಗಿ ಇಟ್ಟಾಗ ಶೇ. 7.4, ಕೈಗೆ 5,550. ಪಿಂಚಣಿ ನಿಂತ ನೀರಾದರೆ ಇದು ಇಳಿಯುವ ನೀರು. ಎಂಟು ತಿಂಗಳಲ್ಲಿ, 2023ರ ಏಪ್ರಿಲ್‌ನಿಂದ, ಹೊಸ ಖಾತೆಗಳಿಗೆ ಬಡ್ಡಿ ಶೇ. 8.2 ಆಯಿತು. ಹಳೇ ಖಾತೆ ಮಾತ್ರ 7.4ಕ್ಕೇ ಕಟ್ಟಿಹೋಗಿತ್ತು.

ಇಲ್ಲಿ ನಾನು ಸ್ವಲ್ಪ ಉಪಯೋಗಕ್ಕೆ ಬಂದೆ. ಎರಡು ವರ್ಷ ದಾಟಿದ ಖಾತೆ ಮುಚ್ಚಿದರೆ ಅಸಲಿನಲ್ಲಿ ಶೇ. 1 ಕಡಿತ, ಅಂದರೆ 3,000. ಹೊಸದಾಗಿ ಶೇ. 8.2ಕ್ಕೆ ಇಟ್ಟರೆ ವರ್ಷಕ್ಕೆ 2,400 ಜಾಸ್ತಿ. ಹಳೇ ಖಾತೆಗೆ ಇನ್ನೂ ಮೂರು ವರ್ಷ ಬಾಕಿ ಇತ್ತು. ಚಿಕ್ಕಪ್ಪನಿಗೆ ‘ಮೂರು ಸಾವಿರ ದಂಡ’ ಅನ್ನೋದು ಗಂಟಲಲ್ಲಿ ಇಳಿಯಲಿಲ್ಲ. ಒಂದು ವಾರ ಮಾತುಕತೆ ಆಯಿತು. ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಮುಚ್ಚಿ ಹೊಸದು ತೆರೆದೆವು. ಕಡಿತವಾದ 3,000 ಮಗ ತುಂಬಿಕೊಟ್ಟ. ಈಗ ಮೂರು ತಿಂಗಳಿಗೆ 6,150, ತಿಂಗಳ ಲೆಕ್ಕದಲ್ಲಿ 2,050. ಪಿಂಚಣಿಗಿಂತ ಜಾಸ್ತಿ.

ನವೆಂಬರ್ ತಿಂಗಳ ಪುಟ

ಎಡಗಡೆ: ಪಿಂಚಣಿ 1,671. ಬಡ್ಡಿಯ ತಿಂಗಳ ಪಾಲು 2,050. ಚಿಕ್ಕಮ್ಮನ ಗೃಹಲಕ್ಷ್ಮಿ 2,000. ಮಗ ಕೊಟ್ಟದ್ದು 3,000. ಒಟ್ಟು 8,721.

ಬಲಗಡೆ: ದಿನಸಿ, ತರಕಾರಿ 3,200. ಹಾಲು 720. ಗ್ಯಾಸ್, ಎರಡು ತಿಂಗಳಿಗೊಂದು ಸಿಲಿಂಡರ್, ಅರ್ಧ ಹಿಡಿದು 430. ಬಿಪಿ, ಸಕ್ಕರೆ ಕಾಯಿಲೆ ಮಾತ್ರೆ 1,150, ಅದೂ ಜನೌಷಧಿ ಅಂಗಡಿಯಿಂದ ತಂದರೆ. ಫೋನ್ ಎರಡಕ್ಕೂ 400. ಕೇಬಲ್ 250. ನೀರು, ಕಂದಾಯದ ಪಾಲು 200. ಮುಯ್ಯಿ 800. ಆಸ್ಪತ್ರೆ, ಓಡಾಟ, ಇತರೆ 1,500. ಒಟ್ಟು 8,650. ಉಳಿದದ್ದು 71.

ಕರೆಂಟ್ ಬಿಲ್ ಗೃಹಜ್ಯೋತಿಯಿಂದ ಸೊನ್ನೆ. ಅಕ್ಕಿ ರೇಷನ್‌ನಲ್ಲಿ ಬರುತ್ತದೆ. ಬಾಡಿಗೆ ಇಲ್ಲ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಪುಟ ಹರಿಯುತ್ತದೆ.

ಮುಯ್ಯಿ ನೋಡಿ ನಾನು ನಕ್ಕೆ. 8,721ರಲ್ಲಿ 800 ಮದುವೆ ಮನೆಗಳಿಗೆ ಕೊಡೋದಾ? ಚಿಕ್ಕಮ್ಮ ನಗಲಿಲ್ಲ. ‘ನಮ್ಮ ಹುಡುಗಿ ಮದುವೆಗೆ ಯಾರ್ಯಾರು ಎಷ್ಟೆಷ್ಟು ಹಾಕಿದ್ರು ಅಂತ ಪುಸ್ತಕ ಇದೆ’ ಅಂದರು. ಹೌದು, ಅದಕ್ಕೂ ಒಂದು ಪುಸ್ತಕ ಇದೆ. ಅದು ಸಾಲ, ವಾಪಸ್ ಹೋಗಲೇಬೇಕು. ಮುಯ್ಯಿ ನಿಲ್ಲಿಸಿದರೆ ಮದುವೆಗೆ ಹೋಗೋದು ನಿಲ್ಲುತ್ತದೆ, ಮದುವೆಗೆ ಹೋಗೋದು ನಿಂತರೆ ಜನರೇ ಇಲ್ಲ. ಖರ್ಚಿನಲ್ಲಿ ಏನು ಕಡಿಮೆ ಮಾಡಬಹುದು ಅಂತ ಪಟ್ಟಿ ಮಾಡಲು ಕೂತವನು ಆ ಸಾಲಿನ ಮೇಲೆ ಗೆರೆ ಎಳೆಯಲಿಲ್ಲ.

ಎಡಗಡೆಯ ಒಟ್ಟಿನಲ್ಲಿ ಪಿಂಚಣಿಯ ಪಾಲು ಐದರಲ್ಲಿ ಒಂದು. ಅದಕ್ಕಿಂತ ದೊಡ್ಡ ಮೊತ್ತ ಚಿಕ್ಕಮ್ಮನ ಹೆಸರಿನಲ್ಲಿ ಬರುತ್ತದೆ. ಹನ್ನೊಂದು ವರ್ಷ ಹೊಲಿದರೂ ಬಾರದ ಪಿಂಚಣಿಯ ಎರಡರಷ್ಟು, ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಹೆಸರಿರುವುದಕ್ಕೆ. ಕೆಲವೊಮ್ಮೆ ಒಂದು ತಿಂಗಳು ಬರಲ್ಲ, ಆಮೇಲೆ ಎರಡು ಕಂತು ಒಟ್ಟಿಗೆ ಬೀಳುತ್ತವೆ. ಆ ತಿಂಗಳು ಪುಟದ ಬಲಗಡೆ ‘ಅಂಗಡಿ ಬಾಕಿ’ ಅಂತ ಒಂದು ಸಾಲು ಕಾಣುತ್ತದೆ.

‘65 ಆಯ್ತಲ್ಲ, ಸಂಧ್ಯಾ ಸುರಕ್ಷಾ ಹಾಕ್ಸಿ’ ಅಂತ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ತಿಂಗಳಿಗೆ 1,200. ಆದರೆ ಬೇರೆ ಪಿಂಚಣಿ ಇರುವವರಿಗೆ ಅದಿಲ್ಲ. ವಾರ್ಷಿಕ ಆದಾಯವೂ 32,000 ದಾಟಬಾರದು. ಪಿಂಚಣಿ ಮತ್ತು ಬಡ್ಡಿ ಸೇರಿ ಇವರದ್ದು 44,652. ಪಿಎಫ್ ಇಲ್ಲದ ವರ್ಕ್‌ಶಾಪಿನಲ್ಲೇ ಕೊನೆಯ ತನಕ ಇದ್ದ, ಉಳಿತಾಯವೂ ಇಲ್ಲದ ಅವರ ಹಳೇ ಜೊತೆಗಾರನಿಗೆ 1,200 ಬರುತ್ತದೆ. ಇವರಿಗೆ 1,671. 18 ವರ್ಷದ ಪಿಎಫ್ ಸೇವೆಗೆ ಸಿಕ್ಕ ಅಂತರ ತಿಂಗಳಿಗೆ 471 ರೂಪಾಯಿ. ಇದನ್ನು ಅವರಿಗೆ ನಾನು ಹೇಳಿಲ್ಲ.

ಇನ್ನೊಂದು ಮಾತು. ನಿವೃತ್ತಿ ಆದದ್ದು 2014ರಲ್ಲಿ ಅಂತ ಬರೆದೆ. ನಿಜವಾಗಿ ಅವರು ದುಡಿಯೋದು ನಿಲ್ಲಿಸಿದ್ದು 2020ರ ಮಾರ್ಚ್‌ನಲ್ಲಿ. ಅಲ್ಲಿಯ ತನಕ ಒಂದು ಕಲ್ಯಾಣ ಮಂಟಪದಲ್ಲಿ ರಾತ್ರಿ ಕಾವಲು, ತಿಂಗಳಿಗೆ 7,000. ಲಾಕ್‌ಡೌನ್‌ನಲ್ಲಿ ಮಂಟಪ ಮುಚ್ಚಿತು, ಮತ್ತೆ ತೆರೆದಾಗ ವಯಸ್ಸಾಯ್ತು ಅಂತ ಕರೆಯಲಿಲ್ಲ. ಮೊದಲ ಆರು ವರ್ಷದ ಪುಟಗಳಲ್ಲಿ 1,671 ಕೈಖರ್ಚಿನ ಹಾಗೆ ಕಾಣುತ್ತದೆ. ಅದು ಎಷ್ಟು ಚಿಕ್ಕದು ಅಂತ ಮನೆಗೆ ಗೊತ್ತಾದದ್ದು 2020ರ ಏಪ್ರಿಲ್‌ನಲ್ಲಿ.

ಬೆರಳು

ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ತೋರಿಸಬೇಕು. ಜೀವನ್ ಪ್ರಮಾಣ್. ಇಪಿಎಸ್‌ನವರು ಯಾವ ತಿಂಗಳಲ್ಲಿ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ, ಚಿಕ್ಕಪ್ಪ ಮಾತ್ರ ನವೆಂಬರ್‌ನಲ್ಲೇ ಕೊಡುತ್ತಾರೆ. ಮೊದಲೆಲ್ಲ ಸೈಬರ್ ಅಂಗಡಿಯಲ್ಲಿ ಬೆರಳು ಒತ್ತಬೇಕಿತ್ತು. ಅವರ ಬೆರಳು ಮೆಷಿನ್ ಓದುತ್ತಿರಲಿಲ್ಲ. 36 ವರ್ಷ ಕಬ್ಬಿಣ ಹಿಡಿದ ಕೈ. ಹೆಬ್ಬೆರಳು, ತೋರುಬೆರಳು ಎರಡೂ ನುಣ್ಣಗೆ, ಹಳೇ ನಾಣ್ಯದ ಹಾಗೆ ಗೆರೆಯೇ ಇಲ್ಲ. ಅಂಗಡಿ ಹುಡುಗ ‘ತಾತ, ಒದ್ದೆ ಬಟ್ಟೆಯಲ್ಲಿ ಒರೆಸಿ’, ‘ತಾತ, ಇನ್ನೊಂದು ಬೆರಳು’ ಅಂತ ಹತ್ತೂ ಬೆರಳು ಒತ್ತಿಸುತ್ತಿದ್ದ. ಕೊನೆಗೆ ಎಡಗೈ ಕಿರುಬೆರಳು ಹತ್ತಿತು. ಹೋದ ಮೂರು ವರ್ಷದಿಂದ ನನ್ನ ಫೋನಿನಲ್ಲಿ ಮುಖ ತೋರಿಸಿ ಮುಗಿಸುತ್ತೇವೆ. ಕಣ್ಣು ಮಿಟುಕಿಸಿ ಅಂತ ಆ್ಯಪ್ ಹೇಳುತ್ತದೆ, ಅವರು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಬಿಡುತ್ತಾರೆ.

ಈ ಸಲ ಅದು ಮುಗಿದ ಮೇಲೆ ಚಿಕ್ಕಮ್ಮ ಒಳಗಿನಿಂದ ಸೀರೆ ಅಂಗಡಿ ಕವರ್ ತಂದರು. ಅದರಲ್ಲಿ ಪಿಪಿಒ, ಪಿಂಚಣಿ ಆದೇಶದ ಮೂಲ ಪ್ರತಿ. ಚಿಕ್ಕಪ್ಪ ಹಾಲು ತರೋಕೆ ಹೊರಗೆ ಹೋಗಿದ್ದರು. ‘ಇವರಿಗೇನಾದ್ರೂ ಆದ್ರೆ ನಂಗೆಷ್ಟು ಬರುತ್ತೆ?’ ಅಂತ ಕೇಳಿದರು. ಗಂಡನ ಪಿಂಚಣಿಯ ಅರ್ಧ, 835. ಕನಿಷ್ಠದ ನಿಯಮದಿಂದ 1,000. ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ‘1,000’ ಅಂತ ಬರೆದೆ. ಬರೆದ ಮೇಲೆ ಆ ಸಂಖ್ಯೆ ಎಲ್ಲೋ ನೋಡಿದ್ದೆನಲ್ಲ ಅನ್ನಿಸಿತು. ಅವರ ಸ್ವಂತ ಹನ್ನೊಂದು ವರ್ಷಕ್ಕೆ ಬರಬೇಕಿದ್ದದ್ದೂ ಅಷ್ಟೇ.

ಪಿಪಿಒ ತಿರುಗಿಸಿ ನೋಡುವಾಗ ಇನ್ನೊಂದು ಕಂಡಿತು. ಅದರಲ್ಲಿ ಅವರ ಹೆಸರು ತವರಿನಲ್ಲಿ ಕರೆಯುತ್ತಿದ್ದ ಹೆಸರು. ಆಧಾರ್‌ನಲ್ಲಿ ಮದುವೆಯಾದ ಮೇಲೆ ಇಟ್ಟದ್ದು. ಕಂಪನಿಯಲ್ಲಿ ಫಾರ್ಮ್ ತುಂಬಿದ ದಿನ ಚಿಕ್ಕಪ್ಪ ಬಾಯಿಗೆ ಬಂದ ಹೆಸರು ಹೇಳಿದ್ದಾರೆ. ಇಬ್ಬರೂ ಇರುವಾಗಲೇ ಸರಿ ಮಾಡಿಸಿದರೆ ಒಂದು ದಿನದ ಕೆಲಸ. ಆಮೇಲಾದರೆ ಎಷ್ಟು ದಿನವೋ.

ಬರುವ ಸೋಮವಾರ ಮೂವರೂ ಪೀಣ್ಯದ ಕಡೆ ಹೋಗಬೇಕು. ಚಿಕ್ಕಮ್ಮನಿಗೆ ಬಸ್ ಫ್ರೀ. ಚಿಕ್ಕಪ್ಪನಿಗೆ ಹಿರಿಯ ನಾಗರಿಕರ ರಿಯಾಯಿತಿ, ನೂರಕ್ಕೆ 25. ನನ್ನ ಟಿಕೆಟ್ ನಾನೇ ತಗೋತೀನಿ ಅಂದೆ. ಅವರು ಆಗಲೇ ಬಲಗಡೆ ಬರೆದಿದ್ದರು.